ಗಂಟು ಬಿಚ್ಚಿಸಿದವರು

ಶಂಶಾಬಾದ್‌ನಲ್ಲಿ ಮನೆ ಮಾಡಿದ ಮೇಲೆ ತಪಾಸಣೆ ನನಗೆ ದಿನಚರಿಯ ಭಾಗವೇ ಆಗಿಬಿಟ್ಟಿದೆ. ವಿಮಾನ ನಿಲ್ದಾಣ ಮನೆಯಿಂದ ಹತ್ತು ನಿಮಿಷದ ದಾರಿ. ಕೆಲಸದ ಮೇಲೆ ತಿಂಗಳಿಗೆ ಎರಡು ಮೂರು ಸಲ ಬೆಂಗಳೂರಿಗೋ ಪುಣೆಗೋ ಹೋಗುತ್ತೇನೆ. ಬಾಗಿಲಲ್ಲಿ ಸಿಐಎಸ್‌ಎಫ್ ಜವಾನ ಆಧಾರ್ ನೋಡುತ್ತಾನೆ, ಮುಖ ನೋಡುತ್ತಾನೆ, ತಲೆಯಾಡಿಸುತ್ತಾನೆ. ನಾನು ಒಳಗೆ ಹೋಗುತ್ತೇನೆ. ಅಷ್ಟೇ.

ಹೋದ ಸಲ ನಮ್ಮಪ್ಪನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವಾಗ ಅಷ್ಟಕ್ಕೇ ಮುಗಿಯಲಿಲ್ಲ. ಅಪ್ಪ ವಿಮಾನ ಹತ್ತುತ್ತಿದ್ದದ್ದು ಅದೇ ಮೊದಲು. ಸ್ಕ್ಯಾನರ್ ದಾಟಿ ಬಂದ ಅವರ ಬಟ್ಟೆಯ ಚೀಲವನ್ನು ಪಕ್ಕಕ್ಕಿಟ್ಟು ಬಿಚ್ಚಲು ಹೇಳಿದರು. ಒಳಗೆ ಕಟಿ ರೊಟ್ಟಿ, ಶೇಂಗಾ ಚಟ್ನಿಯ ಸ್ಟೀಲ್ ಡಬ್ಬಿ, ಎರಡು ಧೋತರ, ಮಾತ್ರೆ. ಜವಾನ ಸೌಜನ್ಯದಿಂದಲೇ ನೋಡಿ ಮತ್ತೆ ಕಟ್ಟಿಕೊಳ್ಳಲು ಹೇಳಿದ. ಗಂಟು ಹಾಕುತ್ತ ಅಪ್ಪ ತಮ್ಮಷ್ಟಕ್ಕೇ ನಕ್ಕರು.

"ನಾ ಹೊಟ್ಯಾಗ ಇದ್ದಾಗ ನಮ್ಮವ್ವನ ಗಂಟು ಹಿಂಗ ಬಿಚ್ಚಿಸಿದ್ರಂತ ನೋಡಪಾ."

ಆ ಗಂಟಿನ ಕತೆ ನನಗೆ ಗೊತ್ತಿತ್ತು. ನಮ್ಮ ಅಮ್ಮ ಹೇಳಿದ್ದಳು. ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುತ್ತೇವೆ, ಹೆತ್ತವಳು ಅವ್ವ. ಆದರೆ ಆ ಕತೆಯನ್ನು ಇತಿಹಾಸದ ಪಕ್ಕದಲ್ಲಿಟ್ಟು ನಾನು ಯಾವತ್ತೂ ನೋಡಿರಲಿಲ್ಲ. ಬೆಂಗಳೂರಿಂದ ವಾಪಸು ಬಂದ ಮೇಲೆ ಕೂತು ಓದಿದೆ. ನಾನು ಇತಿಹಾಸ ಕಲಿತವನಲ್ಲ, ಎಂಟೆಕ್ ಮಾಡಿ ಪ್ರಾಜೆಕ್ಟ್ ನೋಡಿಕೊಳ್ಳುವವನು. ಓದಿದ್ದನ್ನೂ ಮನೆಯಲ್ಲಿ ಕೇಳಿದ್ದನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ನಮ್ಮೂರು ಅಳವಂಡಿಯಿಂದ ಒಂದು ಹರದಾರಿ. ಇವತ್ತು ಕೊಪ್ಪಳ ಜಿಲ್ಲೆ, ಆವತ್ತು ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆ. ಅಮ್ಮನ ತವರು ಮುಂಡರಗಿ ಕಡೆ, ಅಂದರೆ ಆಗಿನ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಬೆಳಗಿನ ರೊಟ್ಟಿ ತಿಂದು ಚಕ್ಕಡಿ ಹೂಡಿದರೆ ಮಧ್ಯಾಹ್ನದ ಹೊತ್ತಿಗೆ ತವರುಮನೆ. ಎರಡೂ ಕಡೆ ಒಂದೇ ಎರೆಮಣ್ಣು, ಒಂದೇ ಜೋಳ, ಒಂದೇ ಮಾತು. ನಡುವೆ ಮಾತ್ರ ಒಂದು ದೇಶದ ಗಡಿ.

ದೇಶ ಅಂದದ್ದು ಅತಿಶಯೋಕ್ತಿಯಲ್ಲ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ರೈಲ್ವೆ, ತನ್ನದೇ ಅಂಚೆ, ತನ್ನದೇ ನಾಣ್ಯ ಇದ್ದವು. 16 ಜಿಲ್ಲೆಗಳ ಆ ಸಂಸ್ಥಾನದಲ್ಲಿ ರಾಯಚೂರು, ಗುಲಬರ್ಗಾ, ಬೀದರ್ ಕನ್ನಡದವು. 1941ರ ಜನಗಣತಿಯಲ್ಲಿ ಒಟ್ಟು ಜನಸಂಖ್ಯೆ 1 ಕೋಟಿ 60 ಲಕ್ಷ ದಾಟಿತ್ತು. ಒಳಗೆ ನಡೆಯುವುದು ಹಾಲಿ ಸಿಕ್ಕಾ, ಹೊರಗೆ ನಡೆಯುವುದು ಕಲ್ದಾರ್. ಏಳು ಹಾಲಿ ರೂಪಾಯಿ ಕೊಟ್ಟರೆ ಹತ್ತಿರ ಹತ್ತಿರ ಆರು ಕಲ್ದಾರ್ ರೂಪಾಯಿ. ಹೆಣ್ಣು ಕೊಟ್ಟು ತರುವ ಊರುಗಳ ನಡುವೆ ಹೀಗೆ ರೂಪಾಯಿ ಬದಲಾಗುತ್ತಿತ್ತು.

ಈ ಗಡಿಯ ಉದ್ದಕ್ಕೂ ಕರೋಡಗಿರಿ ನಾಕಾಗಳಿದ್ದವು. ಕರೋಡಗಿರಿ ಎಂದರೆ ನಿಜಾಮರ ಸುಂಕದ ಇಲಾಖೆ. ಬಹುಕಾಲದವರೆಗೆ ಸರಕಿನ ಬೆಲೆಯ ನೂರಕ್ಕೆ ಐದರಂತೆ ಸುಂಕ. ನಾಕಾ ಎಂದರೆ ಒಂದು ಕೋಣೆ, ಒಂದು ಅಡ್ಡಗಟ್ಟಿಗೆ, ಒಬ್ಬ ಮುನ್ಷಿ, ಒಂದಿಬ್ಬರು ಪೇದೆಗಳು. ಬೆಲ್ಲ, ಬಟ್ಟೆ, ಎಣ್ಣೆಯ ಗಾಡಿ ಬಂದರೆ ನಿಲ್ಲಿಸಿ ಪಾವತಿ ಬರೆದುಕೊಡುತ್ತಿದ್ದರು. ಬೀಗರು, ಬಾಣಂತಿಯರು, ಜಾತ್ರೆಯವರು ಹಾಯುವುದನ್ನು ಮುನ್ಷಿ ತಲೆ ಎತ್ತಿಯೂ ನೋಡುತ್ತಿರಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಅವನಿಗೆ ಬೇಕಾದದ್ದು ಸರಕು. ಮನುಷ್ಯರಲ್ಲ.

1947ರ ಕೊನೆಗೆ ಇದು ತಿರುಗಿಬಿತ್ತು.

ಆಗಸ್ಟ್ 15ರ ನಂತರವೂ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲಿಲ್ಲ. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಮಸಿ ಆರುವ ಮುಂಚೆಯೇ ಸಂಸ್ಥಾನ ಎರಡು ಆಜ್ಞೆ ಹೊರಡಿಸಿತು. ಒಂದು, ಭಾರತದ ನಾಣ್ಯ ಒಳಗೆ ಚಲಾವಣೆಯಾಗಕೂಡದು. ಇನ್ನೊಂದು, ಬೆಳ್ಳಿ ಬಂಗಾರದಂಥ ಲೋಹ ಹೊರಗೆ ಹೋಗಕೂಡದು. ದೊಡ್ಡವರ ಚರಿತ್ರೆಯಲ್ಲಿ ಇವು ದಿಲ್ಲಿಗೂ ಹೈದರಾಬಾದಿಗೂ ನಡೆದ ಹಗ್ಗಜಗ್ಗಾಟದ ಸಣ್ಣ ಸಂಗತಿಗಳು. ನಾಕಾದಲ್ಲಿ ನಿಂತು ನೋಡಿದರೆ ಬೇರೆ. ತವರಿಗೆ ಹೋಗುವ ಹೆಣ್ಣುಮಗಳ ಸೊಂಟದಲ್ಲಿ ಬೆಳ್ಳಿ ಇರುತ್ತದೆ, ಸೆರಗಿನ ತುದಿಯಲ್ಲಿ ನಾಲ್ಕು ಕಾಸು ಇರುತ್ತವೆ. ಎರಡೂ ಈಗ ಅಪರಾಧ.

ಆಚೆ ಕಡೆಯಿಂದಲೂ ಗಡಿ ಬಿಗಿಯಿತು. ಭಾರತದ ಪ್ರಾಂತಗಳಿಂದ ಸಂಸ್ಥಾನಕ್ಕೆ ಹೋಗುವ ಪೆಟ್ರೋಲು, ಔಷಧಿ, ಯಂತ್ರದ ಬಿಡಿಭಾಗ, ಉಪ್ಪು ಕಡಿಮೆಯಾದವು. ಸಂಸ್ಥಾನಕ್ಕೆ ಸಮುದ್ರವೇ ಇರಲಿಲ್ಲ, ಉಪ್ಪು ಹೊರಗಿಂದಲೇ ಬರಬೇಕು. ಪ್ರಧಾನಿ ಮೀರ್ ಲಾಯಿಕ್ ಅಲಿ ಇದನ್ನು ದಿಗ್ಬಂಧನ ಎಂದು ದೂರಿದರು, 1948ರ ಆಗಸ್ಟಿನಲ್ಲಿ ಹೈದರಾಬಾದಿನ ಅಹವಾಲು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೂ ಹೋಯಿತು. ನಮ್ಮೂರಲ್ಲಿ ಆ ವರ್ಷ ಉಪ್ಪನ್ನು ಸಾಲ ಕೇಳುತ್ತಿದ್ದರಂತೆ. ಉಪ್ಪನ್ನು ಸಾಲ ಕೊಡಬಾರದು ಎಂಬ ಶಾಸ್ತ್ರ ಆ ವರ್ಷ ಮುರಿಯಿತು ಎಂದು ಅಮ್ಮ ನಗುತ್ತಿದ್ದಳು.

ಇದರ ನಡುವೆ ಕಾಸಿಂ ರಜವಿಯ ರಜಾಕಾರರು. ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್‌ನ ಈ ಸ್ವಯಂಸೇವಕ ದಳ 1948ರ ಹೊತ್ತಿಗೆ ಪೊಲೀಸರ ಜೊತೆಜೊತೆಗೇ ಹಳ್ಳಿಗಳಿಗೆ ನುಗ್ಗತೊಡಗಿತ್ತು. ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡ ನಮ್ಮ ಭಾಗದ ಜನ ಇವತ್ತಿಗೂ ಮರೆತಿಲ್ಲ. ಅದೇ ತಿಂಗಳು 22ರಂದು ಗಾಣಗಾಪುರ ಸ್ಟೇಷನ್ನಿನಲ್ಲಿ ಮದ್ರಾಸ್-ಮುಂಬಯಿ ರೈಲಿನ ಮೇಲೆ ದಾಳಿಯಾಯಿತು. ಗಡಿ ದಾಟಬಲ್ಲ ಕುಟುಂಬಗಳು ಗದಗ, ಸೊಲ್ಲಾಪುರ, ಹೊಸಪೇಟೆ, ಬಳ್ಳಾರಿ ಕಡೆ ಹೊರಟವು. ಈಗ ಸುಂಕದ ಮುನ್ಷಿಯ ಪಕ್ಕದಲ್ಲಿ ಬಂದೂಕಿನವರು ನಿಂತರು. ಗಾಡಿಯಲ್ಲಿ ಏನಿದೆ ಎಂದು ಕೇಳುವ ಜಾಗದಲ್ಲಿ, ನೀನು ಯಾರವನು ಎಂದು ಕೇಳತೊಡಗಿದರು.

ಗಡಿಯ ಈಚೆ, ಅಂದರೆ ಮುಂಬಯಿ ಪ್ರಾಂತದ ನೆಲದಲ್ಲಿ, ಸ್ಟೇಟ್ ಕಾಂಗ್ರೆಸ್ಸಿನ ಶಿಬಿರಗಳೆದ್ದವು. ಸ್ವಾಮಿ ರಮಾನಂದ ತೀರ್ಥರ ಮುಂದಾಳತನದ ಹೋರಾಟಕ್ಕೆ ನಮ್ಮ ಭಾಗದಲ್ಲಿ ಬೆನ್ನೆಲುಬಾದವು ಇವೇ. ಮುಂಡರಗಿ ಶಿಬಿರದ ನಾಯಕರು ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಮುಂದೆ ಲೋಕಸಭೆಗೂ ಆರಿಸಿಬಂದವರು. ಗಜೇಂದ್ರಗಡದ್ದು ಪುಂಡಲೀಕಪ್ಪ ಜ್ಞಾನಮೋಠೆಯವರದು. ಶಿಬಿರದವರು ರಾತ್ರಿ ಗಡಿ ದಾಟಿ ಹೊಡೆಯುತ್ತಿದ್ದದ್ದು ಹೆಚ್ಚಾಗಿ ಪೊಲೀಸ್ ಠಾಣೆ ಮತ್ತು ಕರೋಡಗಿರಿ ನಾಕಾಗಳನ್ನು. ಅಲ್ಲಿಯ ದಫ್ತರು ಸುಡುತ್ತಿದ್ದರು. ಜನರಿಗೆ ಸರ್ಕಾರ ಎಂದರೆ ಕಾಣುವುದು ನಾಕಾವೇ ಆದ್ದರಿಂದ, ಸುಟ್ಟರೂ ಅದೇ ಸುಡಬೇಕು.

ನಮ್ಮಜ್ಜ ಶಿಬಿರ ಸೇರಿದವನಲ್ಲ. ಆದರೆ ಕತ್ತಲಾದ ಮೇಲೆ ಹೊಲದ ಬದುವಿನಗುಂಟ ಮುಂಡರಗಿ ಕಡೆಗೆ ರೊಟ್ಟಿಯ ಗಂಟು ಹೊರುತ್ತಿದ್ದ. ನಾಕಾದ ಕಂದೀಲು ಕಂಡರೆ ಜೋಳದ ಬೆಳೆಯೊಳಗೆ ಕೂತುಬಿಡುತ್ತಿದ್ದನಂತೆ. ಇದು ನಮ್ಮ ಮನೆಯ ಹೆಮ್ಮೆ. ನಾನು ಸಣ್ಣವನಿದ್ದಾಗ ಪ್ರತಿ ಸೆಪ್ಟೆಂಬರ್ 17ಕ್ಕೆ ಈ ಕತೆ ಆಗಲೇಬೇಕಿತ್ತು.

ಅಮ್ಮನ ಗಂಟಿನ ಕತೆ 1948ರ ಶ್ರಾವಣದ್ದು. ಆಕೆಗೆ ಏಳು ತಿಂಗಳು. ಚೊಚ್ಚಲ ಬಾಣಂತನ ತವರಿನದು. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗುವುದು ಪದ್ಧತಿ. ಆ ವರ್ಷ ಅಣ್ಣ ಬರಲಿಲ್ಲ. ಆಚೆಯಿಂದ ಬರುವ ಹರೆಯದ ಗಂಡಸು ಎಂದರೆ ಶಿಬಿರದವನೇ ಎಂದು ಹಿಡಿಯುತ್ತಿದ್ದ ಕಾಲ. ಆದ್ದರಿಂದ ಮಾವ ತಾನೇ ಚಕ್ಕಡಿ ಹೂಡಿದ. ನಾಕಾದಲ್ಲಿ ಗಾಡಿ ಆಚೆ ಹೋಗಕೂಡದು ಎಂದರು. ಅಮ್ಮ ಕೆಳಗಿಳಿದಳು.

"ಯಾರ ಮಗಳು, ಯಾರ ಸೊಸಿ, ಎಲ್ಲಿಗೆ, ಎಷ್ಟು ದಿನಾ, ಎಲ್ಲಾ ಕೇಳಿದ್ರು. ಆಮ್ಯಾಲ ಗಂಟು ಬಿಚ್ಚು ಅಂದ್ರು. ರಸ್ತೆದಾಗ ಬಿಚ್ಚಿದ್ನಿ. ಬ್ಯಾರೆ ಗಂಡಸರ ಮುಂದ ಕುಬಸ ಸೀರಿ ಒಂದೊಂದ ಎತ್ತಿ ತೋರಿಸಬೇಕು. ಹೊಟ್ಟಿ ಹೊತ್ಕೊಂಡು ಬಗ್ಗಾಕ ಬರಂಗಿಲ್ಲ."

ಗಂಟಿನಲ್ಲಿ ಏನೂ ಸಿಗಲಿಲ್ಲ. ಸೊಂಟದ ಡಾಬು ಸಿಕ್ಕಿತು. ಬೆಳ್ಳಿ ಹೊರಗೆ ಹೋಗಕೂಡದು. ಮದುವೆಯಲ್ಲಿ ತವರಿನವರೇ ಹಾಕಿದ್ದ ಡಾಬನ್ನು ಬಿಚ್ಚಿ ಮಾವನ ಕೈಗೆ ಕೊಟ್ಟು, ಬಿಸಿಲಲ್ಲಿ ನಡೆದು ಆಚೆ ಹೋದಳು. ಅಣ್ಣ ಒಂದು ಮೈಲಿ ದೂರದ ಬೇವಿನ ಮರದ ಕೆಳಗೆ ಕಾಯುತ್ತಿದ್ದ. ಅವಳಿಗೆ ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಅರ್ಧ ತಾಸು ನಿಲ್ಲಿಸಿದರು, ಅಷ್ಟೇ. ಆದರೆ ಎಪ್ಪತ್ತು ದಾಟಿದ ಮೇಲೂ ಅದನ್ನು ಹೇಳುವಾಗ ಕೈ ತಾನಾಗಿಯೇ ಸೊಂಟಕ್ಕೆ ಹೋಗುತ್ತಿತ್ತು.

ಬಸುರಿಯರನ್ನು ನಾಕಾದಲ್ಲಿ ನಿಲ್ಲಿಸುವುದು ಆ ಕಾಲದ, ಆ ಸಂಸ್ಥಾನದ ಹೊಸ ಕೆಟ್ಟತನವೇನಲ್ಲ. ಪ್ಯಾಲೆಸ್ತೀನಿನ ವೆಸ್ಟ್ ಬ್ಯಾಂಕಿನಲ್ಲಿ ಇಸ್ರೇಲಿ ತಪಾಸಣಾ ಠಾಣೆಗಳ ಮುಂದೆಯೇ ಹೆತ್ತ ತಾಯಂದಿರ ಬಗ್ಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಪ್ರತ್ಯೇಕ ವರದಿಗಳನ್ನೇ ಸಲ್ಲಿಸಿದೆ. ಓದುವಾಗ ನನಗೆ ಎರೆಹೊಲದ ನಡುವಿನ ಆ ಅಡ್ಡಗಟ್ಟಿಗೆಯೇ ಕಣ್ಣಿಗೆ ಬಂತು. ಯುದ್ಧದಲ್ಲಿ ಎಷ್ಟು ಜನ ಸತ್ತರು ಎಂದು ಯಾರಾದರೂ ಲೆಕ್ಕ ಇಡುತ್ತಾರೆ. ಎಷ್ಟು ತಾಸು ನಿಂತರು ಎಂಬುದಕ್ಕೆ ಲೆಕ್ಕ ಸಿಗುವುದು ಅಪರೂಪ.

ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು. ಮುಖ್ಯ ಪಡೆ ಸೊಲ್ಲಾಪುರದಿಂದ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಕೈಕೆಳಗೆ ಹೊರಟು ಮೊದಲ ದಿನವೇ ನಳದುರ್ಗ ಹಿಡಿಯಿತು. ನಮ್ಮ ದಿಕ್ಕಿನಲ್ಲಿ ಹೊಸಪೇಟೆ, ತುಂಗಭದ್ರಾ ಸೇತುವೆಯ ಕಡೆಯಿಂದ ಬೇರೆ ತುಕಡಿಗಳು ಬಂದವು, ಅವುಗಳಲ್ಲಿ ಮೈಸೂರಿನ ಸೈನಿಕರೂ ಇದ್ದರು. 17ರ ಸಂಜೆ ನಿಜಾಮರು ರೇಡಿಯೋದಲ್ಲಿ ಸೋಲೊಪ್ಪಿದರು. 18ಕ್ಕೆ ಅವರ ಸೇನಾಪತಿ ಎಲ್ ಎಡ್ರೂಸ್ ಶರಣಾದರು. ಅಪ್ಪ ಹುಟ್ಟಿದ್ದು ಅದಾಗಿ ಒಂದು ತಿಂಗಳಿಗೆ, ಮುಂಡರಗಿ ಕಡೆಯಲ್ಲಿ.

ನಮ್ಮ ಮನೆಯ ಸೆಪ್ಟೆಂಬರ್ 17ರ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಇತಿಹಾಸ ಮುಗಿಯಲಿಲ್ಲ.

ಆ ನವೆಂಬರ್-ಡಿಸೆಂಬರಿನಲ್ಲಿ ನೆಹರೂ ಸರ್ಕಾರ ಒಂದು ಸೌಹಾರ್ದ ತಂಡವನ್ನು ಹೈದರಾಬಾದಿಗೆ ಕಳಿಸಿತು. ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅದರಲ್ಲಿದ್ದರು. 16 ಜಿಲ್ಲೆಗಳಲ್ಲಿ 9 ಸುತ್ತಿ, 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ಅವರು ಬರೆದದ್ದು: ಪೊಲೀಸ್ ಕಾರ್ಯಾಚರಣೆಯ ವೇಳೆ ಮತ್ತು ಅದರ ನಂತರ ಕನಿಷ್ಠ 27ರಿಂದ 40 ಸಾವಿರ ಜನ ಪ್ರಾಣ ಕಳೆದುಕೊಂಡರು. ಹೆಚ್ಚಿನವರು ಮುಸಲ್ಮಾನರು. ಅತಿ ಹೆಚ್ಚು ಹಾನಿಯಾದದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ. ನಾಲ್ಕರಲ್ಲಿ ಎರಡು ಕನ್ನಡ ಜಿಲ್ಲೆಗಳು. ಕೆಲವು ಕಡೆ ಸೈನಿಕರು ಜನರನ್ನು ಕಾಪಾಡಿದ್ದನ್ನೂ, ಕೆಲವು ಕಡೆ ತಾವೇ ಪಾಲುಗೊಂಡದ್ದನ್ನೂ ವರದಿ ಹೇಳುತ್ತದೆ. ಅದನ್ನು ಆಗ ಪ್ರಕಟಿಸಲಿಲ್ಲ. ಸಾರ್ವಜನಿಕರಿಗೆ ಸರಿಯಾಗಿ ಓದಲು ಸಿಕ್ಕದ್ದು ಅರವತ್ತು ವರ್ಷ ದಾಟಿದ ಮೇಲೆ.

ಅಮ್ಮ ಕೂಸು ಎತ್ತಿಕೊಂಡು ಗಂಡನ ಮನೆಗೆ ವಾಪಸು ಬಂದದ್ದು 1949ರ ಬೇಸಿಗೆಗೆ. ದಾರಿಯಲ್ಲಿ ಯಾರೂ ನಿಲ್ಲಿಸಲಿಲ್ಲ. ಮನೆಗೆ ಬಂದ ಮೇಲೆ ಮಾವ ಪೆಟ್ಟಿಗೆ ತೆಗೆದು ಡಾಬು ಕೊಟ್ಟ. ಅದರ ಕೆಳಗೆ ಒಂದು ಜೊತೆ ಬೆಳ್ಳಿಯ ಕಾಲ್ಗಡಗ ಇದ್ದವು. ಅವು ಅವಳವಲ್ಲ. ಅತ್ತೆಯವೂ ಅಲ್ಲ.

ನಮ್ಮ ಓಣಿಯ ಕೊನೆಗೆ ಒಂದು ಪಿಂಜಾರರ ಮನೆ ಇತ್ತು. ಊರಿನ ಗಾದಿಗೆಲ್ಲ ಹತ್ತಿ ಹಿಂಜುತ್ತಿದ್ದವರು. ಅಮ್ಮ ಬಂದಾಗ ಆ ಮನೆಗೆ ಕೀಲಿ. ಅತ್ತೆ ಸಣ್ಣ ದನಿಯಲ್ಲಿ ಹೇಳಿದಳಂತೆ: ಮಿಲಿಟರಿ ಬಂದು ಹೋದ ವಾರ ಊರಿನ ಗಂಡಸರೆಲ್ಲ ಅಗಸಿಯಲ್ಲಿ ಕಾವಲು ಕೂತಿದ್ದರು. ರಜಾಕಾರರು ತಪ್ಪಿಸಿಕೊಂಡು ಬರಬಹುದು ಎಂಬ ಭಯ. ಒಂದು ರಾತ್ರಿ ಪಿಂಜಾರ ಮನೆಯವರು ಹೆಂಡತಿ ಮಕ್ಕಳ ಸಮೇತ ಊರು ಬಿಟ್ಟು ಹೊರಟರು. ಅಗಸಿಯಲ್ಲಿ ತಡೆದರು. ಯಾರು, ಎಲ್ಲಿಗೆ, ಯಾಕೆ ಎಂದು ಕೇಳಿದರು. ಹುಟ್ಟಿದಾಗಿನಿಂದ ನೋಡಿದವರನ್ನೇ ಕೇಳಿದರು. ಗಂಟು ಬಿಚ್ಚಿಸಿದರು. ಕೇಳಿದವರಲ್ಲಿ ಒಬ್ಬ ನಮ್ಮಜ್ಜ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಅಗಸಿಯಲ್ಲಿ ಇದ್ದವರು ಶಿಬಿರದವರಲ್ಲ. ನಮ್ಮೂರಿನವರು, ನಮ್ಮವರು. ಯಾರನ್ನೂ ಹೊಡೆಯಲಿಲ್ಲ ಎಂದು ಅತ್ತೆ ಆಣೆ ಮಾಡಿದಳಂತೆ. ಬೆಳಗಿನ ಜಾವಕ್ಕೆ ಬಿಟ್ಟರು. ಕಾಲ್ಗಡಗಗಳನ್ನು "ಜ್ವಾಪಾನಕ್ಕ" ಇಟ್ಟುಕೊಂಡರು. ವಾಪಸು ಬಂದಾಗ ಕೊಟ್ಟರಾಯಿತು ಎಂದು. ಅವರು ವಾಪಸು ಬರಲಿಲ್ಲ.

ಅಮ್ಮ ಇದನ್ನು ನನಗೆ ಹೇಳಿದ್ದು ಒಂದೇ ಸಲ, ಅಜ್ಜ ತೀರಿಕೊಂಡ ಮೇಲೆ. ಅಜ್ಜನನ್ನು ಬಯ್ಯಲಿಲ್ಲ. "ನಿಮ್ಮಜ್ಜ ಕೆಟ್ಟಾಂವ ಅಲ್ಲ ಮಗಾ. ಅಗಸ್ಯಾಗ ನಿಂತಾಗ ನಾಕಾದಾಂವ ಆಗಿಬಿಟ್ಟಿದ್ದ" ಅಂದಳು. ಆ ಬೆಳ್ಳಿಯನ್ನು ಅವಳು ತಾನೂ ಹಾಕಿಕೊಳ್ಳಲಿಲ್ಲ, ಕರಗಿಸಲೂ ಬಿಡಲಿಲ್ಲ. ಊರಿನ ಮನೆಯ ಕಟ್ಟಿಗೆ ಪೆಟ್ಟಿಗೆಯಲ್ಲಿ ಅದು ಈಗಲೂ ಇದೆ.

ನಾಕಾದ ಬಗ್ಗೆ ನಾನು ಓದಿದ ಯಾವ ಪುಸ್ತಕಕ್ಕಿಂತ ಅಮ್ಮನ ಆ ಒಂದು ಮಾತು ನನಗೆ ಹೆಚ್ಚು ಕಲಿಸಿತು. ನಾವು ತಪಾಸಣೆಯ ಇತಿಹಾಸ ಬರೆಯುವಾಗ ಮೊದಲು ಕೇಳುವುದು ನಾಕಾ ಯಾರದಾಗಿತ್ತು ಎಂದು. ನಿಜಾಮರದಾದರೆ ದಬ್ಬಾಳಿಕೆ, ನಮ್ಮದಾದರೆ ಭದ್ರತೆ. ಕಂದೀಲಿನ ಬೆಳಕಲ್ಲಿ ಸೀರೆ ಎತ್ತಿ ತೋರಿಸುವವಳಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಅಜ್ಜ ಜೋಳದ ಬೆಳೆಯಲ್ಲಿ ಅಡಗಿದ್ದೂ ನಿಜ, ಅಗಸಿಯಲ್ಲಿ ನಿಂತದ್ದೂ ನಿಜ. ನಡುವೆ ಇದ್ದದ್ದು ಕೆಲವೇ ವಾರ.

ನಾನೀಗ ಇರುವ ಈ ಕಡೆಯಲ್ಲೂ ಅಂಥ ನೆನಪುಗಳಿವೆ. ನಮ್ಮ ಅಪಾರ್ಟ್‌ಮೆಂಟಿನ ಒಬ್ಬ ಹಿರಿಯರ ಊರು ನಲ್ಗೊಂಡ ಕಡೆ. ತೆಲಂಗಾಣದಲ್ಲಿ ನಿಜಾಮರು ಹೋದ ಮೇಲೂ ಸೇನೆ ಹೋಗಲಿಲ್ಲ. ಕಮ್ಯುನಿಸ್ಟರ ಸಶಸ್ತ್ರ ಹೋರಾಟ ಹತ್ತಿಕ್ಕಲು ಉಳಿಯಿತು, ಆ ಹೋರಾಟ ನಿಂತದ್ದು 1951ರ ಅಕ್ಟೋಬರಿನಲ್ಲಿ. ಹಗಲು ಮಿಲಿಟರಿಯವರು ಬಂದು ರಾತ್ರಿ ಯಾರಿಗೆ ಅನ್ನ ಹಾಕಿದೆ ಎಂದು ಕೇಳುವುದು, ರಾತ್ರಿ ದಳದವರು ಬಂದು ಹಗಲು ಏನು ಹೇಳಿದೆ ಎಂದು ಕೇಳುವುದು. ತಮ್ಮ ತಂದೆ ಆ ಮೂರು ವರ್ಷದಲ್ಲಿ ಮಾತೇ ಕಡಿಮೆ ಮಾಡಿದರು, ಆಮೇಲೆ ಅದೇ ಸ್ವಭಾವವಾಯಿತು ಎಂದು ಅವರು ಹೇಳಿದರು.

ನಮ್ಮ ಮನೆಯ ಪಕ್ಕದ ಹೆದ್ದಾರಿ ಕರ್ನೂಲಿನ ಹತ್ತಿರ ತುಂಗಭದ್ರೆಯನ್ನು ದಾಟುತ್ತದೆ. 1948ರಲ್ಲಿ ಆ ಹೊಳೆಯೇ ಸಂಸ್ಥಾನದ ಗಡಿ. ಈಗ ಬೆಂಗಳೂರಿಗೆ ಕಾರಿನಲ್ಲಿ ಹೋಗುವ ನಾವು ಅಲ್ಲಿ ಟೋಲ್‌ಗೂ ನಿಲ್ಲುವುದಿಲ್ಲ, ಫಾಸ್ಟ್ಯಾಗ್ ಇದೆ. ಆದರೆ 2021ರ ಮೇ ತಿಂಗಳಲ್ಲಿ ಅಲ್ಲೇ, ಪುಲ್ಲೂರು ಟೋಲ್ ಹತ್ತಿರ, ಹೈದರಾಬಾದಿನ ಆಸ್ಪತ್ರೆಗೆ ಬರುತ್ತಿದ್ದ ಆಂಧ್ರದ ಕೋವಿಡ್ ರೋಗಿಗಳ ಆಂಬುಲೆನ್ಸ್‌ಗಳನ್ನು ತೆಲಂಗಾಣ ಪೊಲೀಸರು ತಡೆದರು. ಹೈಕೋರ್ಟ್ ತಡೆಯಾಜ್ಞೆ ಕೊಟ್ಟ ಮೇಲೆ ದಾರಿ ಬಿಟ್ಟರು. ಅದಕ್ಕೂ ಒಂದು ವರ್ಷ ಮುಂಚೆ, 2020ರ ಮಾರ್ಚಿನಲ್ಲಿ, ತಲಪಾಡಿಯಲ್ಲಿ ನಮ್ಮದೇ ಕರ್ನಾಟಕ ಕಾಸರಗೋಡಿನ ರೋಗಿಗಳನ್ನು ಮಂಗಳೂರಿಗೆ ಬಿಡದೆ ನಿಲ್ಲಿಸಿತ್ತು. ಅವರಲ್ಲಿ ಕನ್ನಡ ಮಾತಾಡುವವರೂ ಇದ್ದರು, ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದವರು. ಅಲ್ಲಿ ಯುದ್ಧವಿರಲಿಲ್ಲ, ರಜಾಕಾರರಿರಲಿಲ್ಲ. ಭಯ ಇತ್ತು, ಒಂದು ಅಡ್ಡಗಟ್ಟಿಗೆ ಇತ್ತು. ನಾಕಾ ಏಳುವುದಕ್ಕೆ ಅಷ್ಟು ಸಾಕು.

ತಪಾಸಣೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಮಕ್ಕಳ ಜೊತೆ ವಿಮಾನ ಹತ್ತುವವನು ಹಾಗೆ ಹೇಳಲಾರ. ನನ್ನನ್ನು ಎಲ್ಲಿ ನಿಲ್ಲಿಸುತ್ತಾರೆ, ಎಷ್ಟು ಹೊತ್ತು, ತಪ್ಪಾದರೆ ಯಾರಿಗೆ ಹೇಳಬೇಕು ಎಂಬುದು ನನಗೆ ಗೊತ್ತಿದೆ. ಅಮ್ಮನಿಗೆ ಗೊತ್ತಿರಲಿಲ್ಲ, ಪಿಂಜಾರ ಮನೆಯವಳಿಗೂ ಗೊತ್ತಿರಲಿಲ್ಲ. ಬಾಗಿಲಿಗೂ ನಾಕಾಕ್ಕೂ ಇರುವ ವ್ಯತ್ಯಾಸ ಅದೊಂದೇ ಎಂದು ನನಗೆ ತೋರುತ್ತದೆ.

ಸೆಪ್ಟೆಂಬರ್ 17ಕ್ಕೆ ಈಗ ಹಲವು ಹೆಸರು. ಊರಲ್ಲಿ ಕಲ್ಯಾಣ ಕರ್ನಾಟಕ ಉತ್ಸವ. ಇಲ್ಲಿ ಕೇಂದ್ರದವರಿಗೆ ವಿಮೋಚನಾ ದಿನ, ರಾಜ್ಯದವರಿಗೆ ಪ್ರಜಾ ಪಾಲನಾ ದಿನ, ಅದಕ್ಕೂ ಹಿಂದಿನ ಸರ್ಕಾರಕ್ಕೆ ಏಕತಾ ದಿನ. ಯಾವ ಹೆಸರು ಸರಿ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಕರೋಡಗಿರಿ ನಾಕಾ ಬಿದ್ದದ್ದು ನಮ್ಮ ಜನಕ್ಕೆ ಬಿಡುಗಡೆಯೇ. ಮಗಳಿಗೆ ಈ ವರ್ಷ ಅಜ್ಜನ ರೊಟ್ಟಿ ಗಂಟಿನ ಕತೆ ಹೇಳಿದೆ. ಅವಳು ಖುಷಿಪಟ್ಟಳು. ಆಮೇಲೆ ಇನ್ನೊಂದು ಗಂಟಿನ ಕತೆಯನ್ನೂ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕಾಲ್ಗಡಗ ಯಾರಿಗೆ ಕೊಡ್ಬೇಕು ಪಪ್ಪಾ?" ಎಂದು ಕೇಳಿದಳು.

ಅಪ್ಪನಿಗೆ ಫೋನ್ ಮಾಡಿದೆ. ಆ ಮನೆಯವರು ಕೊಪ್ಪಳಕ್ಕೆ ಹೋದರೆಂದು ಒಬ್ಬರು, ಹೊಸಪೇಟೆಗೆ ಹೋದರೆಂದು ಇನ್ನೊಬ್ಬರು ಹೇಳುತ್ತಿದ್ದರಂತೆ. ದೀಪಾವಳಿಗೆ ಊರಿಗೆ ಹೋದಾಗ ಕೇಳಿ ನೋಡೋಣ ಎಂದಿದ್ದಾರೆ ಅಪ್ಪ.